ಕೆಂಪು ಬಿಲ್ಲೆಯ ಬಳೆಗಾರ್ತಿ

ಗದಗಿನ ಬಳೆ ಓಣಿಯಲ್ಲಿ ಶಾವಂತ್ರವ್ವನ ಮುಂದೆ ಕೈ ಚಾಚದೆ ಹಸೆ ಏರಿದ ಹುಡುಗಿ ಒಬ್ಬಳೂ ಇಲ್ಲ ಎಂದು ಹಳಬರು ಹೇಳುತ್ತಿದ್ದರು. ಹಳಬರ ಮಾತಿನಲ್ಲಿ ಒಂದು ಹಿಡಿ ಹೆಚ್ಚು ಇದ್ದೇ ಇರುತ್ತದೆ, ಅದನ್ನು ಬಿಡಿ. ಆದರೆ ಎದುರಿನವಳ ಕೈ ಹಿಡಿದು, ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಎಲುಬು ಎಲ್ಲಿ ಬಾಗುತ್ತದೋ ಅಲ್ಲಿ ಗಾಜಿನ ಬಳೆಯನ್ನು ಜಾರಿಸುವುದರಲ್ಲಿ ಅವಳಿಗೆ ಸರಿಗಟ್ಟುವವರು ಇರಲಿಲ್ಲ. ಬಳೆಗಾರ್ತಿಯ ಕಸುಬೆಲ್ಲ ಮುಟ್ಟುವುದರಲ್ಲೇ ಇದೆ. ಅವಳಿಗೆ ಮುಟ್ಟಬೇಡ ಎಂದರೆ ಅಡುಗೆಯವಳಿಗೆ ಒಲೆ ಹಚ್ಚಬೇಡ ಎಂದ ಹಾಗೆ. ಊರು ಈಗ ಶಾವಂತ್ರವ್ವನಿಗೆ ಆ ಮಾತನ್ನೇ ಹೇಳಿತ್ತು.

ಕೆಂಜ್ವರ ಬಂದು ಹೋದ ಮೇಲಿನ ಕಾಲ ಅದು. ಮನೆಗೊಂದರಂತೆ ಗೋಡೆಯ ಮೇಲಿನ ಫೋಟೋಕ್ಕೆ ಮಾಲೆ ಹಾಕಿಸಿ ಹೋದ ಜ್ವರ. ಶಾವಂತ್ರವ್ವನ ಗಂಡನೂ ಆ ಜ್ವರದಲ್ಲೇ ಹೋದ. ಇನ್ನೊಮ್ಮೆ ಹೀಗಾಗಬಾರದೆಂದು ಸರಕಾರ ಹುಣಸೆಬೀಜದಷ್ಟು ದೊಡ್ಡದಾದ ಬಿಲ್ಲೆಯೊಂದನ್ನು ಮಾಡಿಸಿ, ಊರಿನ ಪ್ರತಿಯೊಬ್ಬರ ಎಡ ಮಣಿಕಟ್ಟಿನ ಚರ್ಮ ಸೀಳಿ ಒಳಗೆ ಕೂರಿಸಿತು. ಮನುಷ್ಯನ ಮೈಯೊಳಗೆ ಟಿ ಕೋಶಗಳೆಂಬ ಕಾವಲುಗಾರರಿದ್ದಾರೆ. ಹೊರಗಿನ ರೋಗಾಣು ಕಂಡರೆ ಆ ಕೋಶಗಳು ಕೆಲವು ರಾಸಾಯನಿಕಗಳನ್ನು ಬಿಟ್ಟು ಬೊಬ್ಬೆ ಹಾಕುತ್ತವೆ. ಬಿಲ್ಲೆ ಈ ಬೊಬ್ಬೆಯನ್ನು ಅಳೆಯುತ್ತಿತ್ತು. ಮೈ ಶಾಂತವಾಗಿದ್ದರೆ ಹಸಿರು, ಸ್ವಲ್ಪ ಗದ್ದಲವಿದ್ದರೆ ಹಳದಿ, ಬೊಬ್ಬೆ ಜೋರಾದರೆ ಕೆಂಪು. ಕೆಂಪಾದವರು ಬಸ್ಸು ಹತ್ತುವಂತಿಲ್ಲ, ಪೇಟೆಗೆ ಕಾಲಿಡುವಂತಿಲ್ಲ, ಮದುವೆ ಮನೆಯ ಬಾಗಿಲು ದಾಟುವಂತಿಲ್ಲ. ಸೋಂಕಿಲ್ಲದ ಚರ್ಮರೋಗಕ್ಕೆ ಔಷಧಿ ಕೊಡುವ ದವಾಖಾನೆಯೂ ಕೆಂಪಿನವರನ್ನು ಗೇಟಿನಲ್ಲೇ ನಿಲ್ಲಿಸುತ್ತಿತ್ತು. ಕಾವಲುಗಾರ ಕೂಗಿದ ಎಂಬುದಷ್ಟೇ ಬಿಲ್ಲೆಗೆ ತಿಳಿಯುತ್ತಿತ್ತು. ಕಳ್ಳನನ್ನು ಕಂಡು ಕೂಗಿದನೋ, ಮನೆಯವರನ್ನೇ ಕಳ್ಳರೆಂದು ತಿಳಿದು ಕೂಗಿದನೋ ಎಂದು ಕೇಳುವ ಬುದ್ಧಿ ಅದಕ್ಕಿರಲಿಲ್ಲ. ಮಾಡಿದವರಿಗೇ ಇಲ್ಲದ ಬುದ್ಧಿ ಬಿಲ್ಲೆಗೆ ಎಲ್ಲಿಂದ ಬರಬೇಕು?

ಶಾವಂತ್ರವ್ವನ ಮಗಳು ಇಂದುಮತಿ ಕೆಲಸ ಮಾಡುತ್ತಿದ್ದದ್ದು ಇದೇ ಬಿಲ್ಲೆಗಳನ್ನು ನೋಡಿಕೊಳ್ಳುವ ಆರೋಗ್ಯ ಕಾವಲು ಕೇಂದ್ರದಲ್ಲಿ. ಗೋಡೆಯ ತುಂಬ ಗದಗ-ಬೆಟಗೇರಿ ಮತ್ತು ಸುತ್ತಲಿನ ಹಳ್ಳಿಗಳ ನಕ್ಷೆ, ನಕ್ಷೆಯ ತುಂಬ ಚುಕ್ಕೆ, ಒಂದೊಂದು ಚುಕ್ಕೆಯೂ ಒಬ್ಬ ಮನುಷ್ಯ. ಕೆಂಪು ಚುಕ್ಕೆ ಮನೆ ಬಿಟ್ಟು ಹೊರಬಿದ್ದರೆ ಅವರನ್ನು ಮನೆಗೆ ಅಟ್ಟಿ ಬರಲು ಕೇಂದ್ರದ ದಳದ ಗಾಡಿ ಕಳಿಸುವುದು, ಓಣಿಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಸಾರುವುದು ಅವಳ ಕೆಲಸ.

ಆ ದಿನ ಬೆಳಿಗ್ಗೆ ಬಳೆ ಓಣಿಯ ನಡುವೆ ಒಂದು ಕೆಂಪು ಚುಕ್ಕೆ ಬಂದು ನಿಂತಿತು. ಇಂದುಮತಿ ಹೆಸರು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಸುತ್ತಲಿನ ಹಸಿರು ಚುಕ್ಕೆಗಳು ನಿಧಾನವಾಗಿ ಹಿಂದೆ ಸರಿದು ಕೆಂಪಿನ ಸುತ್ತ ಒಂದು ಬಯಲಾಯಿತು. ಅವಳು ಗಂಟಲು ಸರಿ ಮಾಡಿಕೊಂಡು ಮೈಕ್ ಒತ್ತಿದಳು. “ಸಾರ್ವಜನಿಕರ ಗಮನಕ್ಕೆ. ಬಳೆ ಓಣಿಯಲ್ಲಿ ಕೆಂಪು ಬಿಲ್ಲೆಯ ವ್ಯಕ್ತಿಯೊಬ್ಬರು ಇದ್ದಾರೆ. ದಯವಿಟ್ಟು ಅಂತರ ಕಾಯ್ದುಕೊಳ್ಳಿ.” ನಂತರ ದಳದ ಗಾಡಿಗೆ ಹೇಳಿದಳು.

ಸಂಜೆ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಮತ್ತ ಯಾಕ ಅಂಗಡಿ ತಗದಿ ಯವ್ವಾ?”

“ನನ್ನ ಅಂಗಡಿ ನಾ ತಗೀದ ಮತ್ಯಾರು ತಗೀಬೇಕು?”

“ದಳದವರು ಬಂದು ಎಬ್ಬಿಸಿ ಕಳಸ್ತಾರಂತ ಗೊತ್ತೈತಲ್ಲ ನಿನಗ.”

“ಗೊತ್ತೈತಿ. ಅವರನ್ನ ಕಳಿಸಿದಾಕಿ ನೀನ ಅನ್ನೂದೂ ಗೊತ್ತೈತಿ. ಕೈಕಾಲು ತೊಳಕೊಂಡು ಬಾ, ರೊಟ್ಟಿ ಆರತಾವು.”

ಬೈದಿದ್ದರೆ ಹಗುರಾಗುತ್ತಿತ್ತು. ಅವ್ವ ಬೈಯಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ತಟ್ಟೆ ಮುಂದೆ ಸರಿಸಿದಳು. ಚಿಮಣಿಯ ಬೆಳಕಿನಲ್ಲಿ ಅವಳ ಮಣಿಕಟ್ಟು ಕಂಡಿತು. ಬಿಲ್ಲೆಯ ಸುತ್ತ ಚರ್ಮ ಕೆಂಪಗೆ ದಪ್ಪಗೆ ಎದ್ದು, ಅದರ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಕೂತಿತ್ತು. ಮೊಣಕೈ, ಮೊಣಕಾಲಲ್ಲಿ ಅದು ಅವ್ವನಿಗೆ ಹೊಸತೇನಲ್ಲ. ಮದುವೆಯಾದ ಹೊಸದರಲ್ಲಿ ಗಂಟಲು ಬಾತು ಜ್ವರ ಬಂದ ಮೇಲೆ ಮೈತುಂಬ ಎದ್ದದ್ದು, ಹೋಯಿತು ಬಂತು ಎನ್ನುತ್ತ ಉಳಿದುಕೊಂಡಿತ್ತು. ಸೋರಿಯಾಸಿಸ್ ಎಂದು ಡಾಕ್ಟರು ಹೆಸರು ಹೇಳಿದ್ದರು, ಅಂಟುವುದಿಲ್ಲ ಎಂದೂ ಹೇಳಿದ್ದರು. ಗಿರಾಕಿಗಳಿಗೆಲ್ಲ ಗೊತ್ತಿದ್ದ ಸಂಗತಿ. ಆಗ ಯಾರೂ ಕೈ ಹಿಂದೆ ತೆಗೆದುಕೊಂಡಿರಲಿಲ್ಲ. ಈಗ ಅದೇ ಹೆಂಗಸರು ಸೆರಗು ಮೂಗಿಗೆ ಒತ್ತಿ ಓಣಿಯ ಆಚೆ ಬದಿಯಿಂದ ಹೋಗುತ್ತಿದ್ದರು.

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ,” ಎಂದಳು ಅವ್ವ, ಹಿಟ್ಟು ನಾದುತ್ತ. “ಜ್ವರ ಬಂದದ್ದು ಯಾರಿಗೋ. ಬರಿ ಬಿದ್ದದ್ದು ನಮಗ.”

ಇಂದುಮತಿ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಲಗೈಯಿಂದ ಉಂಡಳು. ಎರಡು ವಾರದಿಂದ ಅವಳ ಬಿಲ್ಲೆಯ ಸುತ್ತಲೂ ತುರಿಕೆ ಶುರುವಾಗಿತ್ತು. ಹುಟ್ಟಿದಂದಿನಿಂದ ಅವಳ ಚರ್ಮದ ಮೇಲೆ ಒಂದು ಮಚ್ಚೆಯೂ ಎದ್ದಿರಲಿಲ್ಲ. ಬಿಲ್ಲೆ ಹಳದಿಯಾಗಿತ್ತು. ಅವಳು ಉದ್ದ ತೋಳಿನ ಕುಪ್ಪಸ ಹಾಕಲು ಶುರು ಮಾಡಿದ್ದಳು.

ಮರುದಿನ ಕೇಂದ್ರದಲ್ಲಿ ಕೆಲಸ ಕಡಿಮೆಯಿತ್ತು. ಇಂದುಮತಿ ಕೆಂಜ್ವರದ ಕಾಲದಲ್ಲಿ ಜ್ವರ ಬಿದ್ದವರ ಮನೆಗಳಿಗೆ ಕೆಂಪು ಗುರುತು ಹಾಕಿದ್ದ ಹಳೆಯ ನಕ್ಷೆ ತೆಗೆದು ಗೋಡೆಗೆ ಹಾಕಿ, ಪಕ್ಕದಲ್ಲೇ ಈಗಿನದನ್ನು ಇಟ್ಟು ನೋಡಿದಳು. ಜ್ವರ ಬಂದಾಗ ಆ ಕೆಂಪು ಗುರುತು, ಬಸ್ಸಿನ ದಾರಿ ಹಿಡಿದು ಓಡಿತ್ತು, ಸಂತೆಯಿಂದ ಸಾಲೆಗೆ, ಸಾಲೆಯಿಂದ ಮನೆಗೆ. ಈಗಿನ ಕೆಂಪು ಹಾಗಿಲ್ಲ. ಬೆಟಗೇರಿಯಲ್ಲಿ ಒಬ್ಬಳು ಕೆಂಪು, ಅವಳ ಪಕ್ಕದಲ್ಲೇ ಮಲಗುವ ಗಂಡ ಹಸಿರು, ಅತ್ತೆ ಮಾವ ಹಸಿರು. ಆದರೆ ಊರಿನ ಇನ್ನೊಂದು ತುದಿಯಲ್ಲಿರುವ ಅವಳ ಅಣ್ಣ ಕೆಂಪು. ಒಬ್ಬ ಮಾಸ್ತರು ಕೆಂಪು, ಅವರ ತರಗತಿಯ ಮಕ್ಕಳೆಲ್ಲ ಹಸಿರು, ಲಕ್ಕುಂಡಿಯಲ್ಲಿರುವ ಅವರ ತಂಗಿ ಕೆಂಪು. ಪಕ್ಕದಲ್ಲಿ ಮಲಗಿದವನನ್ನು ಬಿಟ್ಟು ತವರುಮನೆಗೆ ನಡೆದು ಹೋಗುವ ಜ್ವರ ಯಾವುದು?

ಅವಳು ನೇರವಾಗಿ ಡಾಕ್ಟರ್ ಹಾದಿಮನಿಯವರ ಕೋಣೆಗೆ ಹೋದಳು. ಹಾದಿಮನಿ ಕೇಂದ್ರದ ಮುಖ್ಯಸ್ಥರು. ರೋಗನಿರೋಧ ಶಾಸ್ತ್ರವನ್ನು ಅರೆದು ಕುಡಿದವರು, ಒಳ್ಳೆಯ ಮನುಷ್ಯರೆಂದೇ ಹೆಸರು. ಅವಳು ನಕ್ಷೆಯ ವಿಷಯ ಹೇಳಿ ಮುಗಿಸುವ ಮೊದಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬಾಗಲಾ ಮುಚ್ಚಿ ಬಂದು ಕುಂದರ್ರಿ,” ಎಂದರು. “ಆರನೇ ವರ್ಣತಂತುವಿನ ಮ್ಯಾಲ ಎಚ್‌ಎಲ್‌ಎ-ಸಿ ಅಂತ ಒಂದು ಜೀನ್ ಐತಿ. ನಮ್ಮವರು ಯಾರು, ಹೊರಗಿನವರು ಯಾರು ಅಂತ ಟಿ ಕೋಶಕ್ಕ ಗುರ್ತು ತೋರಸೂದು ಅದರ ಕೆಲಸ. ಆ ಜೀನ್‌ನ ಒಂದು ನಮೂನಿ ಕೆಲವು ಮನಿತನದಾಗ ತಾಯಿಯಿಂದ, ತಂದಿಯಿಂದ ಮಕ್ಕಳಿಗೆ ಇಳಕೊಂಡು ಬರತೈತಿ. ಅದು ಇದ್ದವರೊಳಗ ಟಿ ಕೋಶ ಒಮ್ಮೊಮ್ಮೆ ತಮ್ಮದ ಚರ್ಮಾನ ವೈರಿ ಅಂತ ತಿಳಿತಾವು. ಬೊಬ್ಬಿ ಹಾಕತಾವು. ಚರ್ಮ ಗಾಬರಿಯಾಗಿ ತಿಂಗಳದಾಗ ಬೆಳೀಬೇಕಾದ್ದು ನಾಕು ದಿನದಾಗ ಬೆಳದು ಹೊಟ್ಟು ಉದರಸತೈತಿ.”

“ಬೇಲಿನ ಎದ್ದು ಹೊಲಾ ಮೇದಂಗ.”

“ಹಂಗ ಅನ್ರಿ. ಆದ್ರ ಜೀನ್ ಒಂದ ಸಾಲೂದಿಲ್ಲ. ಅದು ಇದ್ದವರೊಳಗ ಭಾಳ ಮಂದಿಗೆ ಜೀವಮಾನ ಪೂರ್ತಿ ಏನೂ ಆಗೂದಿಲ್ಲ. ಅದರ ಕೂಡ ಬ್ಯಾರೆ ಜೀನ್ ಸೇರಬೇಕು. ಆಮ್ಯಾಲ ಗಂಟಲ ಬ್ಯಾನಿ, ಭಾಳ ಚಿಂತಿ, ಇಲ್ಲಾ ಒಂದು ಗಾಯ, ಏನರೆ ಒಂದು ಕಿಡಿ ಬೀಳಬೇಕು.”

“ಗಾಯ ಅಂದ್ರ?”

ಹಾದಿಮನಿ ಕಿಟಕಿಯ ಕಡೆ ನೋಡಿದರು. “ತರಚಿದ್ದು. ಸುಟ್ಟದ್ದು. ಇಂಥವರಿಗೆ ಚರ್ಮ ಎಲ್ಲಿ ಹರದರ ಅಲ್ಲೇ ಮಚ್ಚಿ ಏಳತೈತಿ.”

“ಬಿಲ್ಲಿ ಕುಂದರಸಾಕ ಕೊಯ್ದದ್ದೂ ಗಾಯನ ಅಲ್ರಿ, ಸರ್?”

ಅವರು ಮೇಜಿನ ಮೇಲಿನ ಕನ್ನಡಕ ಎತ್ತಿಕೊಂಡು ಒರೆಸತೊಡಗಿದರು. ಇಂದುಮತಿಗೆ ಎಲ್ಲ ತಿಳಿಯಿತು. ಚರ್ಮ ಸೀಳಿ ಬಿಲ್ಲೆ ಇಟ್ಟದ್ದು ಇವರು. ಸೀಳಿದ ಜಾಗದಲ್ಲೇ ಮಚ್ಚೆ ಎದ್ದಿದೆ. ಮಚ್ಚೆಯ ನಟ್ಟನಡುವೆ ಕೂತ ಬಿಲ್ಲೆ, ತಾನೇ ಹಚ್ಚಿದ ಬೆಂಕಿಯ ಹೊಗೆ ಕಂಡು ಬೆಂಕಿ ಬೆಂಕಿ ಎಂದು ಊರಿಗೆಲ್ಲ ಸಾರುತ್ತಿದೆ. ಇನ್ನು ಮೇಲೆ ಅದು ಹಸಿರಾಗುವ ಮಾತೇ ಇಲ್ಲ.

“ನಿಮಗ ಇದು ಯಾವಾಗಿನಿಂದ ಗೊತ್ತೈತ್ರಿ?”

“ಯಾವಾಗಿನಿಂದ ಅಂತ ಕೇಳಿ ಏನ್ ಮಾಡ್ತೀರಿ? ಮ್ಯಾಲಿನವರಿಗೆ ಬರದೇನಿ. ಹೊಸಾ ನಮೂನಿ ಬಿಲ್ಲಿ ಬರೂತನಕ ಸುಮ್ಮನಿರ್ರಿ ಅಂದಾರ. ಒಂದು ವಿಚಾರ ಮಾಡ್ರಿ ಇಂದುಮತಿಯವರ, ಬಿಲ್ಲಿ ತಪ್ಪೈತಿ ಅಂತ ಒಮ್ಮೆ ಬಾಯಿ ಬಿಟ್ರ ಮಂದಿ ಎಲ್ಲಾ ಕಿತ್ತು ಒಗೀತಾರ. ನಾಳೆ ಖರೇನ ಕೆಂಜ್ವರ ತಿರುಗಿ ಬಂದ್ರ? ನಿಮ್ಮ ತಂದೀನೂ ಅದರಾಗ ಹೋದವರು.”

ಹಾದಿಮನಿ ಅವಳ ಉದ್ದ ತೋಳನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. “ನಿಮ್ಮ ತಾಯಿಯವರ ಚುಕ್ಕಿನ ನಾ ಇಲ್ಲಿಂದ ಹಸಿರು ಮಾಡಿ ಇಡತೇನಿ. ಬಿಲ್ಲಿನೂ ಹಸಿರು ತೋರಸತೈತಿ. ನಿಮ್ಮದೂ ಮಾಡತೇನಿ. ಪಂಚಮಿ ಹಬ್ಬ ಬಂತು, ಅವರು ಆರಾಮ ಅಂಗಡಿ ತಗೀಲಿ. ಈ ಮಾತು ಈ ಕ್ವಾಣಿ ಬಿಟ್ಟು ಹೊರಗ ಹೋಗೂದು ಬ್ಯಾಡ.”

ಸುಳ್ಳು ಏಕೆ ಹೇಳಬೇಕು, ಇಂದುಮತಿಗೆ ಖುಷಿಯೇ ಆಯಿತು. ಅವ್ವನ ಮುಂದೆ ಮತ್ತೆ ಹೆಂಗಸರು ಕೂರುತ್ತಾರೆ, ತಾನು ದಳದ ಗಾಡಿ ಕಳಿಸುವುದು ತಪ್ಪುತ್ತದೆ. ದಾರಿಯಲ್ಲಿ ಅವ್ವನಿಗೆ ಇಷ್ಟವೆಂದು ಚುರುಮುರಿಯ ಗಿರಮಿಟ್ಟು ಕಟ್ಟಿಸಿಕೊಂಡು ಮನೆಗೆ ಹೋದಳು. ಕೂತು, ಜೀನ್‌ನಿಂದ ಹಿಡಿದು ಹಾದಿಮನಿಯವರ ಮಾತಿನವರೆಗೆ ಎಲ್ಲವನ್ನೂ ಹೇಳಿದಳು. ಅವ್ವ ಗಿರಮಿಟ್ಟಿನ ಪೊಟ್ಟಣ ಬಿಚ್ಚದೆ ಕೇಳಿದಳು.

“ಅಂದ್ರ ನನ್ನ ಬಿಲ್ಲಿ ಹಸಿರಾಗತೈತಿ.”

“ಹೂಂ. ನಂದೂ.”

“ನಿನಗೂ ಎದ್ದೈತೇನು? ತೋರಸು.” ತೋಳು ಸರಿಸಿ ನೋಡಿ ಅವ್ವ ಕಣ್ಣು ಮುಚ್ಚಿಕೊಂಡಳು. “ನನ್ನ ರಕ್ತದಾಗಿಂದ ಬಂದದ್ದು. ಬಂಗಾರ ಕೊಡೂದು ಆಗಲಿಲ್ಲ, ಇದನ್ನ ಕೊಟ್ಟೆ ನೋಡು ನಿನಗ.” ಮಗಳ ತೋಳನ್ನು ಮತ್ತೆ ಕೆಳಗಿಳಿಸುತ್ತ ಕೇಳಿದಳು, “ಮಾಸ್ತರಂದು ಹಸಿರಾಗತೈತೇನು? ಆ ಕೆಂಪಾದ ಮಾಸ್ತರು, ಸಾಲಿ ಬಿಡಿಸ್ಯಾರಲ್ಲ.”

“ಇಲ್ಲ.”

“ಬೆಟಗೇರಿ ಬಾಣಂತಿದು? ಕೂಸಿಗೆ ಹಾಲು ಕುಡಸೂ ಮುಂದ ಸೈತ ಕೈಗೆ ಚೀಲಾ ಕಟ್ಟಸ್ತಾರಂತ ಆಕಿ ಅತ್ತಿ.”

“ಇಲ್ಲ ಯವ್ವಾ. ನಮ್ಮಿಬ್ಬರದ.”

“ಹಂಗಾದ್ರ ನಿನ್ನ ಡಾಕ್ಟರಗ ಹೇಳು, ಬ್ಯಾಡಂತ.”

ಇಂದುಮತಿಗೆ ಸಿಟ್ಟು ಬಂತು. “ನಿನಗ ಹಟಾ ಹೆಚ್ಚಾತೋ, ಕಸುಬು ಹೆಚ್ಚಾತೋ? ಸುಮ್ಮನ ಹಸಿರು ಮಾಡಿಸ್ಕೊಂಡು ಬಳಿ ಇಡಬಾರದೇನು? ಅಂಟೂದಿಲ್ಲಂತ ಗೊತ್ತ ಐತಿ. ಯಾರಿಗೆ ಮೋಸ ಆಗತೈತಿ?”

“ಮೋಸ ಯಾರಿಗಂತ ಕೇಳತೀಯೇನು?” ಅವ್ವ ಎದ್ದು ನಿಂತಳು. “ನನ್ನ ಮೊಣಕೈ ನೋಡೇ ಮಂದಿ ನಲವತ್ತು ವರ್ಷ ನನಗ ಕೈ ಕೊಟ್ಟಾರ. ನಾ ಯಾರ ಮುಂದೂ ಸೆರಗು ಮುಚ್ಚಿ ಕಸುಬು ಮಾಡಿಲ್ಲ. ಈಗ ಹಸಿರು ಬಿಲ್ಲಿ ತೋರಿಸಿ, ನಾ ಆ ಬಾಣಂತಿ ಜಾತಿಯಾಕಿ ಅಲ್ಲ, ನಾ ಸ್ವಚ್ಛ ಅದೇನಿ ಅಂತ ಕೈ ಹಿಡೀಲೇನು? ನನ್ನ ಕೈ ಕೆಂಪೈತಿ. ಕೆಂಪೈತಂತ ನೋಡಿ ಕೊಟ್ರ ಹಿಡಿತೇನಿ.”

“ಯಾರೂ ಕೊಡದಿದ್ರ?”

“ಕುಂತಿರತೇನಿ. ನನ್ನ ಅಂಗಡಿ ಮುಂದ ನಾ ಕುಂದ್ರಾಕ ಯಾರ ಅಪ್ಪಣಿ ಬೇಕು?” ಅವ್ವ ಪೊಟ್ಟಣ ಬಿಚ್ಚಿ ಗಿರಮಿಟ್ಟನ್ನು ಎರಡು ಪಾಲು ಮಾಡಿದಳು. “ನಾಡಿದ್ದು ರೊಟ್ಟಿ ಪಂಚಮಿ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬಳಿ ಇಡಿಸ್ಕೊಳ್ಳೂ ದಿನ. ಮುಂಜಾನೆನ ಹೋಗಿ ಕುಂದರತೇನಿ. ನೀ ದಳದವರನ್ನ ಕಳಸಾಕಿ ಆದ್ರ ಕಳಸು. ಅದು ನಿನ್ನ ಕೆಲಸ.”

ರೊಟ್ಟಿ ಪಂಚಮಿಯ ದಿನ ಬಳೆ ಓಣಿ ನಕ್ಷೆಯ ಮೇಲೆ ಹಸಿರೋ ಹಸಿರು. ಹಸಿರಿನ ನಡುವೆ ದುಂಡನೆಯ ಬಯಲು, ಬಯಲಿನ ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಅವ್ವನದೂ ಬೇಡ, ತನ್ನದೂ ಹಸಿರು ಮಾಡುವುದು ಬೇಡ ಎಂದು ಹಿಂದಿನ ದಿನವೇ ಹಾದಿಮನಿಯವರಿಗೆ ಹೇಳಿದ್ದ ಇಂದುಮತಿ ಬೆಳಗಿನಿಂದ ಅದನ್ನೇ ನೋಡುತ್ತಿದ್ದಳು. ಯಾರೂ ಬಯಲಿಗೆ ಕಾಲಿಡಲಿಲ್ಲ, ಚುಕ್ಕೆಯೂ ಕದಲಲಿಲ್ಲ. ಅವಳು ಗಾಡಿ ಕಳಿಸಿರಲಿಲ್ಲ. ಹಾದಿಮನಿ ಹಿಂದೆ ಬಂದು ನಿಂತಿದ್ದು ಅವಳಿಗೆ ತಿಳಿಯಲಿಲ್ಲ.

“ಗಾಡಿ ನಾ ಕಳಿಸೇನಿ,” ಎಂದರು ಅವರು. “ನೀವು ಮೈಕಿನಾಗ ಸಾರ್ರಿ. ಹಬ್ಬದ ಗದ್ದಲ ಐತಿ, ಮಂದಿ ಗಾಬರಿ ಆಗೂದು ಬ್ಯಾಡ.”

ಇಂದುಮತಿ ಬಳೆ ಓಣಿಯ ಗುಂಡಿ ಒತ್ತಿದಳು. ಆಮೇಲೆ ಅದರ ಪಕ್ಕದ ಗುಂಡಿ, ಅದರ ಪಕ್ಕದ್ದು, ಊರಿನ ಕಂಬಕಂಬದ ಗುಂಡಿ. ಪ್ರತಿಸಲ ಪುಸ್ತಕದ ಕನ್ನಡದಲ್ಲಿ ಸಾರುತ್ತಿದ್ದವಳು ಈ ಸಲ ಮನೆಯಲ್ಲಿ ಆಡುವ ಹಾಗೆ ಆಡಿದಳು.

“ಎಲ್ಲಾರೂ ಕೇಳ್ರಿ. ನಾ ಇಂದುಮತಿ, ಬಳಿಗಾರ ಶಾವಂತ್ರವ್ವನ ಮಗಳು. ನಮ್ಮವ್ವ ಕೆಂಪದಾಳ. ಕೆಂಜ್ವರ ಅಲ್ಲ, ಸೋರಿಯಾಸಿಸ್. ಮುಟ್ಟಿದ್ರ ಅಂಟೂದಿಲ್ಲ, ರಕ್ತದಾಗ ಇಳದು ಬರತೈತಿ. ಅದು ಇದ್ದವರ ಕೈ ಕೊಯ್ದು ಬಿಲ್ಲಿ ಇಟ್ಟದ್ದಕ್ಕನ ಬಿಲ್ಲಿ ಸುತ್ತ ಮಚ್ಚಿ ಎದ್ದೈತಿ, ಮಚ್ಚಿ ಎದ್ದದ್ದಕ್ಕ ಬಿಲ್ಲಿ ಕೆಂಪಾಗೈತಿ. ತಪ್ಪು ಕೇಂದ್ರದ್ದು. ಇಷ್ಟು ದಿನ ಅಂತರ ಇಡ್ರಿ ಅಂತ ಸಾರಿದಾಕಿ ನಾನ. ಅದು ಸುಳ್ಳು.”

ಹಾದಿಮನಿ ಮುಂದೆ ಬಾಗಿ ಮೈಕಿನ ಗುಂಡಿಗಳನ್ನು ಆರಿಸಲು ಬಂದರು. ಇಂದುಮತಿ ತೋಳು ಮೇಲಕ್ಕೆ ಸರಿಸಿ ಎಡಗೈಯನ್ನು ಗುಂಡಿಗಳ ಮೇಲೆ ಅಡ್ಡ ಇಟ್ಟಳು. ಬಿಲ್ಲೆ ಅಷ್ಟು ಹೊತ್ತಿಗೆ ಕೆಂಪಾಗಿತ್ತು, ಸುತ್ತಲೂ ಹೊಟ್ಟು ಎದ್ದಿತ್ತು.

“ಹಿಡೀರಿ ಸರ್,” ಎಂದಳು. “ಕೈ ಹಿಡದು ಸರಸ್ರಿ.”

ಅದು ಅಂಟುವುದಿಲ್ಲವೆಂದು ಅವರಷ್ಟು ಚೆನ್ನಾಗಿ ಬಲ್ಲವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಅವರ ಕೈ ತಾನಾಗಿ ಹಿಂದೆ ಹೋಯಿತು. ಹಿಂದೆ ಹೋದದ್ದು ಅವರಿಗೂ ಗೊತ್ತಾಯಿತು. ಮುಖ ಬಿಳಿಚಿ ಕುರ್ಚಿಯ ಮೇಲೆ ಕೂತರು.

“ಕೆಂಪಾಗಿ ಮನಿಯಾಗ ಕುಂತವರು ಕೇಳ್ರಿ,” ಇಂದುಮತಿ ಮೈಕಿಗೆ ಹೇಳಿದಳು. “ಮೈ ಸುಡತಿದ್ರ ಮನಿಯಾಗ ಇರ್ರಿ, ಅದು ಖರೇ ಜ್ವರ. ಬಿಲ್ಲಿ ಯಾರೂ ಕಿತ್ತು ಒಗೀಬ್ಯಾಡ್ರಿ. ಜ್ವರಿಲ್ಲದ ಬರೇ ಮಚ್ಚಿ ಇದ್ದವರು ಯಾಕ ಕುಂತೀರಿ? ಬಾಗಲಾ ತಗೀರಿ. ನಮ್ಮವ್ವ ಬಳಿ ಓಣ್ಯಾಗ ಕುಂತಾಳ.”

ಮಾತು ಮುಗಿಯಿತು. ನಕ್ಷೆಯ ಮೇಲೆ ಏನೂ ಆಗಲಿಲ್ಲ. ಹಸಿರು ಇದ್ದಲ್ಲೇ ಇತ್ತು, ದಳದ ಗಾಡಿ ಓಣಿಯ ಬಾಯಿಗೆ ಬಂದು ನಿಂತಿತು. ಆಗ ಬೆಟಗೇರಿಯ ಒಂದು ಮನೆಯೊಳಗೆ ತಿಂಗಳುಗಟ್ಟಲೆ ಅಲುಗಾಡದೆ ಇದ್ದ ಕೆಂಪು ಚುಕ್ಕೆಯೊಂದು ಹೊಸ್ತಿಲವರೆಗೆ ಬಂತು. ಹೊಸ್ತಿಲಲ್ಲಿ ನಿಂತಿತು. ಹೊಸ್ತಿಲು ದಾಟಿತು. ಮಾಸ್ತರರ ಮನೆಯಿಂದ ಇನ್ನೊಂದು. ರೈಲು ಹಳಿಯ ಆಚೆಯಿಂದ ಮೂರು ಒಟ್ಟಿಗೆ, ಅಣ್ಣತಂಗಿಯರಿರಬೇಕು. ಬಸ್ಸಿನ ದಾರಿ ಅವರಿಗೆ ಮುಚ್ಚಿತ್ತು, ನಡೆದೇ ಬರುತ್ತಿದ್ದರು.

ಇಂದುಮತಿ ಮೈಕ್ ಆರಿಸಿ ಎದ್ದಳು. ಹಾದಿಮನಿ ತಲೆ ಎತ್ತದೆ ಹೇಳಿದರು, “ನಾಳಿಂದ ನಿಮಗ ಇಲ್ಲಿ ಕೆಲಸಿಲ್ಲ.”

“ನನಗೂ ಇಲ್ಲಿ ಕೆಲಸಿಲ್ರಿ,” ಎಂದು ಅವಳು ಇಳಿದು ಹೋದಳು. ಹೊರಗಿನ ಗೇಟು ಅವಳನ್ನು ಕಂಡು ಕೂಗಿಕೊಂಡಿತು. ಕಾವಲಿನವನು ಎದ್ದು, “ಅಕ್ಕಾರ, ನಿಮ್ಮದು ಕೆಂಪೈತ್ರಿ,” ಎಂದ. “ಹೌದು, ಕೆಂಪೈತಿ,” ಎಂದು ಅವಳು ನಡೆದೇ ನಡೆದಳು.

ಓಣಿಗೆ ಬಂದಾಗ ಎಲ್ಲರೂ ಬದಲಾಗಿಬಿಟ್ಟಿದ್ದರು ಎಂದೇನಿಲ್ಲ. ಆಚೆ ಬದಿಯಲ್ಲಿ ಅರ್ಧ ಊರು ಮೂಗಿಗೆ ಸೆರಗು ಒತ್ತಿಕೊಂಡು ನಿಂತು ನೋಡುತ್ತಿತ್ತು. ದಳದ ಗಾಡಿಯ ಮುಂದೆ ಒಬ್ಬಳು ಮುದುಕಿ ಹಸಿರು ಬಿಲ್ಲೆಯ ಕೈ ಎತ್ತಿ, “ಆಕಿನ ಒಯ್ಯೂದಿದ್ರ ನನ್ನೂ ಒಯ್ಯಿರಿ, ಹೆಂಗೂ ನಾಕು ತಾಸಿನಿಂದ ಕಾಲು ಬ್ಯಾನಿ ಹತ್ತೈತಿ,” ಎಂದು ಜಗಳ ತೆಗೆದಿದ್ದಳು. ದಳದ ಇಬ್ಬರೂ ಏನು ಮಾಡಬೇಕೆಂದು ತಿಳಿಯದೆ ಫೋನ್ ಹಿಡಿದು ನಿಂತಿದ್ದರು. ಅಂಗಡಿಯ ಮುಂದೆ ಮಂದಿ. ಬೆಟಗೇರಿಯ ಬಾಣಂತಿ ಕೈಗೆ ಕಟ್ಟಿದ್ದ ಚೀಲವನ್ನು ಬಿಚ್ಚಿ ಕಾಲಬುಡದಲ್ಲಿ ಹಾಕಿ ಕೂತಿದ್ದಳು. ಅವಳ ಕೆಂಪು ಕೈ ಶಾವಂತ್ರವ್ವನ ಕೆಂಪು ಕೈಯೊಳಗಿತ್ತು. ಶಾವಂತ್ರವ್ವ ಮಚ್ಚೆಗೆ ಗಾಜು ತಾಗದ ಹಾಗೆ ಬಳೆಯನ್ನು ಮೊಣಕೈಯತ್ತ ಏರಿಸುತ್ತಿದ್ದಳು. ಬಾಣಂತಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅವಳ ಹಿಂದೆ ಕೆಂಪಿನವರು, ಅವರ ನಡುನಡುವೆ ಹಸಿರಿನವರೂ ಇದ್ದರು. ಹೊಸ ಸೊಸೆಯರು, ತವರಿಗೆ ಬಂದವರು, ಹೆಂಡತಿಗೆ ಬಳೆ ಕೊಳ್ಳಲು ಬಂದ ಮಾಸ್ತರರು.

ಇಂದುಮತಿಯ ಕಣ್ಣು ತುಂಬಿ ಬಂತು. ಅವಳು ಮಂದಿಯ ನಡುವೆ ನುಗ್ಗಿ ಮುಂದೆ ಹೋಗಿ ಎಡಗೈ ಚಾಚಿದಳು.

“ಯವ್ವಾ, ನಾನು.”

ಶಾವಂತ್ರವ್ವ ಬಾಣಂತಿಯ ಕೈಯಿಂದ ಕಣ್ಣು ತೆಗೆಯಲಿಲ್ಲ.

“ನೀನಂತ ಗೊತ್ತಾತು. ಊರಿಗೆಲ್ಲ ಕೇಳೂವಂಗ ಒದರಿ ಬಂದಿ, ಈಗ ಇಷ್ಟು ಮಂದಿ ಕಾಯಾಕತ್ಯಾರ. ಹಿಂದ ಹೋಗು. ಹೋಗಿ ಪಾಳಿಗೆ ನಿಲ್ಲು.”

ಇಂದುಮತಿ ಹಿಂದೆ ಹೋಗಿ ಪಾಳಿಗೆ ನಿಂತಳು.